‘ಟ್ರೆಷರ್ ಪ್ಲಾನೆಟ್’ ಅಷ್ಟು ಕೆಟ್ಟ ಸಿನಿಮಾನಾ?

ಓದುಗರ ಪ್ರಶ್ನೆ: ನಾವು ಕೆಲವು ಪೋಷಕರು ಸೇರಿ ತಿಂಗಳಿಗೊಮ್ಮೆ ಮಕ್ಕಳಿಗೆ ಸಿನಿಮಾ ತೋರಿಸುತ್ತೇವೆ. ಐದು ವರ್ಷದವರಿಂದ ಹನ್ನೆರಡು ವರ್ಷದವರವರೆಗೆ ಇದ್ದಾರೆ. ಈ ಸಲ ಆರಿಸುವ ಸರದಿ ನನ್ನದು. ಕೈಯಲ್ಲಿ ಚಿತ್ರ ಬಿಡಿಸಿ ಮಾಡಿದ ಅನಿಮೇಷನ್ ಅಂದರೆ ನನಗೆ ಇಷ್ಟ. ಅದಕ್ಕೇ ಡಿಸ್ನಿಯ ‘ಟ್ರೆಷರ್ ಪ್ಲಾನೆಟ್’ ಹೆಸರು ಹೇಳಿದೆ. ಒಬ್ಬರು ತಕ್ಷಣ ಫೋನ್ ತೆಗೆದು ನೋಡಿ, “ಇದು ದೊಡ್ಡ ಫ್ಲಾಪ್, ವಿಮರ್ಶಕರೂ ಬೈದಿದ್ದಾರೆ, ಎಪ್ಪತ್ತರ ಹತ್ತಿರ ಅಷ್ಟೇ ಮಾರ್ಕು” ಅಂದರು. ಇನ್ನೊಬ್ಬರು, “ಇಂಥವುಗಳಿಂದಲೇ ಕೈಯಲ್ಲಿ ಬಿಡಿಸುವ ಸಿನಿಮಾ ನಿಂತುಹೋಗಿದ್ದು” ಅಂದರು. ಮನೆಯಲ್ಲಿ ನೋಡಿದಾಗ ನನಗೂ ಮಗನಿಗೂ ಇದು ತುಂಬಾ ಹಿಡಿಸಿತ್ತು. ಆಮೇಲೆ ವಿಮರ್ಶೆಗಳನ್ನು ಓದಿದೆ. ಒಬ್ಬರು ಚಿತ್ರಗಳನ್ನು ಹೊಗಳಿ ಕಥೆಯನ್ನು ತೆಗಳುತ್ತಾರೆ, ಇನ್ನೊಬ್ಬರು ಸಾಹಸವನ್ನು ಮೆಚ್ಚಿ ಹಾಸ್ಯವನ್ನು ಬೈಯುತ್ತಾರೆ. ಈಗ ನನ್ನ ರುಚಿಯ ಮೇಲೇ ಅನುಮಾನ. ಯಾರನ್ನು ನಂಬಬೇಕು? ಇದನ್ನು ತೋರಿಸಲಾ, ಬೇಡವಾ?

ಉತ್ತರ:

ಮೊದಲು ನಿಮ್ಮ ರುಚಿಯ ವಿಷಯ. ಅದಕ್ಕೇನೂ ಆಗಿಲ್ಲ. ನಿಮ್ಮ ಗುಂಪಿನಲ್ಲಿ ನಡೆದ ಮಾತಲ್ಲಿ ಮೂರು ಸಂಗತಿ ಒಂದರೊಳಗೊಂದು ಸೇರಿಕೊಂಡಿವೆ. ಸಿನಿಮಾ ದುಡ್ಡು ಮಾಡಲಿಲ್ಲ ಅನ್ನೋದು ಒಂದು. ವಿಮರ್ಶಕರು ಏನು ಹೇಳಿದರು ಅನ್ನೋದು ಇನ್ನೊಂದು. ಕೈಚಿತ್ರದ ಅನಿಮೇಷನ್‌ಗೆ ಆಮೇಲೆ ಏನಾಯಿತು ಅನ್ನೋದು ಮೂರನೆಯದು. ಈ ಮೂರೂ ಒಂದೇ ಕಥೆ ಅಂತ ಜನ ಹೇಳುತ್ತಾ ಬಂದಿದ್ದಾರೆ. ಬೇರೆ ಬೇರೆ ಮಾಡಿ ನೋಡಿದರೆ ಚಿತ್ರಣ ಸಾಕಷ್ಟು ಬದಲಾಗುತ್ತದೆ.

ಫ್ಲಾಪ್ ಅನ್ನೋದು ನಿಜ, ಅದರಲ್ಲಿ ವಾದವೇ ಇಲ್ಲ. ಸುಮಾರು 14 ಕೋಟಿ ಡಾಲರ್ ಖರ್ಚಾದ ಸಿನಿಮಾ ಇಡೀ ಜಗತ್ತಿನಲ್ಲಿ ಗಳಿಸಿದ್ದು 11 ಕೋಟಿ ಡಾಲರ್ ಆಸುಪಾಸು. ಟಿಕೆಟ್ ದುಡ್ಡಿನಲ್ಲಿ ದೊಡ್ಡ ಪಾಲು ಚಿತ್ರಮಂದಿರಗಳಿಗೇ ಹೋಗುತ್ತದೆ. ಪ್ರಚಾರದ ಖರ್ಚು ಬೇರೆ. ಹಾಗಾಗಿ ನಷ್ಟ ಈ ಎರಡು ಅಂಕಿಗಳ ನಡುವಿನ ಅಂತರಕ್ಕಿಂತ ಎಷ್ಟೋ ಜಾಸ್ತಿ. ಬಿಡುಗಡೆಯಾಗಿದ್ದು 2002ರ ನವೆಂಬರ್ 27ರಂದು, ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ರಜೆಯ ಹೊತ್ತಿಗೆ. ಅದಕ್ಕೆ ಎರಡು ವಾರ ಮುಂಚೆಯಷ್ಟೇ ಹ್ಯಾರಿ ಪಾಟರ್‌ನ ಎರಡನೇ ಸಿನಿಮಾ ಬಂದಿತ್ತು. ತಿಂಗಳ ಶುರುವಿನಲ್ಲಿ ಡಿಸ್ನಿಯದೇ ಇನ್ನೊಂದು ಕುಟುಂಬದ ಸಿನಿಮಾ ಬಂದು ಚೆನ್ನಾಗಿ ಓಡುತ್ತಿತ್ತು. ಮಕ್ಕಳನ್ನು ಕರೆದುಕೊಂಡು ಹೋಗುವ ಅಪ್ಪ ಅಮ್ಮ ಒಂದು ರಜೆಯಲ್ಲಿ ಎಷ್ಟು ಸಿನಿಮಾ ಅಂತ ನೋಡುತ್ತಾರೆ? ಮೊದಲ ವಾರಾಂತ್ಯದ ಗಳಿಕೆ ಸುಮಾರು 1.2 ಕೋಟಿ ಡಾಲರ್‌ಗೆ ನಿಂತಿತು. ಕಂಪನಿ ಕೆಲವೇ ದಿನದಲ್ಲಿ ನಷ್ಟವನ್ನು ಲೆಕ್ಕದಲ್ಲಿ ಬರೆದುಕೊಂಡಿತು. ಪೇಪರ್‌ಗಳಲ್ಲಿ ಅದೇ ದೊಡ್ಡ ಸುದ್ದಿಯಾಯಿತು. ಸಿನಿಮಾದ ಹೆಸರಿಗೆ ಅಂದು ಅಂಟಿಕೊಂಡ ಆ ಸುದ್ದಿ ಇನ್ನೂ ಬಿಟ್ಟಿಲ್ಲ.

ಈಗ ವಿಮರ್ಶೆಗೆ ಬರೋಣ. ಈ ಕೆಲಸ ಹೇಗೆ ನಡೆಯುತ್ತದೆ ಅಂತ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ವಿಮರ್ಶಕರಾದ ನಾವು ಸಿನಿಮಾ ನೋಡುವುದು ಸಾಮಾನ್ಯವಾಗಿ ಬಿಡುಗಡೆಗೆ ಮುಂಚೆ, ವಿಮರ್ಶಕರಿಗೆಂದೇ ಇಟ್ಟ ಪ್ರದರ್ಶನದಲ್ಲಿ. ಬರೆದು ಕೊಡುವುದು ಬಿಡುಗಡೆಯ ದಿನದೊಳಗೆ. ಗಲ್ಲಾಪೆಟ್ಟಿಗೆಯಲ್ಲಿ ಏನಾಗುತ್ತದೆ ಅಂತ ಆಗ ಯಾರಿಗೂ ಗೊತ್ತಿರುವುದಿಲ್ಲ. ಅಂದರೆ ‘ಟ್ರೆಷರ್ ಪ್ಲಾನೆಟ್’ ಬಗ್ಗೆ ಬರೆದವರು ಒಂದು ಫ್ಲಾಪ್ ಸಿನಿಮಾದ ಬಗ್ಗೆ ಬರೆಯುತ್ತಿರಲಿಲ್ಲ. ಡಿಸ್ನಿಯ ಹೊಸ ದೊಡ್ಡ ಸಿನಿಮಾದ ಬಗ್ಗೆ ಬರೆಯುತ್ತಿದ್ದರು. ಅವರಲ್ಲಿ ಹೆಚ್ಚಿನವರು ಒಪ್ಪಿದರು, ಕೆಲವರು ಒಪ್ಪಲಿಲ್ಲ, ಕುಣಿದಾಡಿದವರು ಕಡಿಮೆ. ಮುಂದಿನ ವರ್ಷದ ಆಸ್ಕರ್‌ಗೆ ಅತ್ಯುತ್ತಮ ಅನಿಮೇಷನ್ ಸಿನಿಮಾ ವಿಭಾಗದಲ್ಲಿ ಇದು ನಾಮನಿರ್ದೇಶನವಾಯಿತು. ಗೆದ್ದದ್ದು ಜಪಾನಿನ ‘ಸ್ಪಿರಿಟೆಡ್ ಅವೇ’. ಅದರ ಮುಂದೆ ಸೋತರೆ ಅವಮಾನವೇನಲ್ಲ.

ಆ ಎಪ್ಪತ್ತರ ಲೆಕ್ಕ ಮಾತ್ರ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮೆಟೋಸ್‌ನ ಶೇಕಡಾವಾರು ಸಂಖ್ಯೆ ಪರೀಕ್ಷೆಯ ಮಾರ್ಕು ಅಲ್ಲವೇ ಅಲ್ಲ. ನೂರು ವಿಮರ್ಶಕರಲ್ಲಿ ಎಷ್ಟು ಜನ ‘ನೋಡಬಹುದು’ ಅಂದರು ಅನ್ನೋದನ್ನಷ್ಟೇ ಅದು ಹೇಳುತ್ತದೆ. ನೂರಕ್ಕೆ ನೂರು ಜನ “ಪರವಾಗಿಲ್ಲ, ಒಂದು ಸಲ ನೋಡಬಹುದು” ಅಂದರೆ ಆ ಸಿನಿಮಾಗೆ ನೂರು ಬರುತ್ತದೆ. ಎಪ್ಪತ್ತು ಜನ “ಅದ್ಭುತ” ಅಂದು ಮೂವತ್ತು ಜನ “ನಮಗೆ ಬೇಡಪ್ಪಾ” ಅಂದರೆ ಎಪ್ಪತ್ತು. ಯಾವ ಸಿನಿಮಾ ದೊಡ್ಡದು? ಸಂಖ್ಯೆ ಅದನ್ನು ಹೇಳಲ್ಲ. ಅಲ್ಲಿ ಅರವತ್ತು ಮುಟ್ಟಿದರೇ ‘ಫ್ರೆಶ್’ ಅನ್ನುವ ಗುರುತು ಸಿಗುತ್ತದೆ. ಹಾಗಾಗಿ ಎಪ್ಪತ್ತರ ಹತ್ತಿರ ಅಂದರೆ ಅಲ್ಲಿನ ಲೆಕ್ಕದಲ್ಲೇ ಪಾಸು. ಅಂಥದ್ದೇ ಇನ್ನೊಂದು ತಾಣವಾದ ಮೆಟಾಕ್ರಿಟಿಕ್ ಬೇರೆ ದಾರಿ ಹಿಡಿಯುತ್ತದೆ. ಪ್ರತಿ ವಿಮರ್ಶೆಗೂ ಅಂಕ ಕೊಟ್ಟು, ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯುತ್ತದೆ. ಒಂದರ ಸಂಖ್ಯೆಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಪ್ರೇಕ್ಷಕರ ಅಂಕದ ಕಥೆಯೂ ಅಷ್ಟೇ. ಎಷ್ಟೋ ವರ್ಷದ ಮೇಲೆ ಹಳೆಯ ಸಿನಿಮಾ ಹುಡುಕಿಕೊಂಡು ಬಂದು ಅಂಕ ಹಾಕುವವರು ಸಾಮಾನ್ಯವಾಗಿ ಅದನ್ನು ಪ್ರೀತಿಸಿದವರೇ. ಇಷ್ಟವಾಗದವರು ಸುಮ್ನೆ ಮರೆತುಬಿಟ್ಟಿರುತ್ತಾರೆ.

ಹಾಗಾದರೆ ತಕರಾರು ಏನಿತ್ತು? ಇದು ಸಂಖ್ಯೆಗಿಂತ ಸ್ವಾರಸ್ಯವಾದ ಪ್ರಶ್ನೆ.

ಕಥೆ ನಿಮಗೆ ಗೊತ್ತು. ರಾಬರ್ಟ್ ಲೂಯಿ ಸ್ಟೀವನ್ಸನ್ 1883ರಲ್ಲಿ ಪುಸ್ತಕವಾಗಿ ತಂದ, ಜಿಮ್ ಅನ್ನುವ ಹುಡುಗ ನಿಧಿ ಹುಡುಕಿಕೊಂಡು ಹಡಗು ಹತ್ತುವ ‘ಟ್ರೆಷರ್ ಐಲ್ಯಾಂಡ್’ ಅನ್ನು ನಿರ್ದೇಶಕರಾದ ರಾನ್ ಕ್ಲೆಮೆಂಟ್ಸ್ ಮತ್ತು ಜಾನ್ ಮಸ್ಕರ್ ಬಾಹ್ಯಾಕಾಶಕ್ಕೆ ಎತ್ತಿಕೊಂಡು ಹೋದರು. ಹಾಯಿ ಕಟ್ಟಿದ ಮರದ ಹಡಗು ನಕ್ಷತ್ರಗಳ ನಡುವೆ ತೇಲುತ್ತದೆ. ಯಾರೂ ಹೆಲ್ಮೆಟ್ ಹಾಕುವುದಿಲ್ಲ, ಎಲ್ಲರೂ ಆರಾಮಾಗಿ ಉಸಿರಾಡುತ್ತಾರೆ. ನೋಟದಲ್ಲಿ ಎಪ್ಪತ್ತು ಪಾಲು ಹಳೆಯದು, ಮೂವತ್ತು ಪಾಲು ಹೊಸದು ಅನ್ನೋದು ಚಿತ್ರತಂಡ ಇಟ್ಟುಕೊಂಡ ನಿಯಮ. ಹೋವರ್ಡ್ ಪೈಲ್, ಎನ್.ಸಿ. ವೈಯೆತ್ ಅವರಂಥ ಹಳೆಯ ಪುಸ್ತಕ ಚಿತ್ರಕಾರರ ಬಣ್ಣಗಳಿಂದ ಅದರ ಬೆಚ್ಚನೆಯ ಕಂದು, ಹೊಂಬಣ್ಣ ಬಂದಿದೆ. ಕೆಲವು ವಿಮರ್ಶಕರಿಗೆ ಇಲ್ಲೇ ಎಡವಿತು. ಸಮುದ್ರವೇ ಇಲ್ಲದ ಮೇಲೆ ಹಡಗು ಯಾಕೆ? ಮೂಲ ಕಥೆಗೆ ಏನು ಕಡಿಮೆಯಾಗಿತ್ತು? ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಬೇರೆ, ಆದರೆ ಹಾಗೆ ಕೇಳಿದವರು ಅನಿಮೇಷನ್ ದ್ವೇಷಿಗಳಲ್ಲ.

ಎರಡನೆಯ ತಕರಾರು ನಾಯಕ ಜಿಮ್ ಬಗ್ಗೆ. ಮಾತು ಕೇಳದ, ಮುಖ ಗಂಟಿಕ್ಕಿಕೊಂಡ ಹದಿಹರೆಯದ ಹುಡುಗ. ಇಂಥವನನ್ನು ಎಷ್ಟೋ ಸಿನಿಮಾದಲ್ಲಿ ನೋಡಿದ್ದೇವೆ ಅಂದರು. ಮೂರನೆಯದು ಬೆನ್ ಅನ್ನುವ ರೋಬೋ. ಸಿನಿಮಾದ ಕೊನೆಯ ಭಾಗದಲ್ಲಿ ಬಂದು ಬಾಯಿ ಮುಚ್ಚದೆ ಮಾತಾಡುತ್ತದೆ. ಇದರಲ್ಲಿ ನಾನು ಪೂರ್ತಿ ವಿಮರ್ಶಕರ ಕಡೆ. ಬೆನ್ ಕಾಲಿಟ್ಟ ಕ್ಷಣದಿಂದ ಸಿನಿಮಾದ ಲಯ ಒಡೆಯುತ್ತದೆ. ಅಷ್ಟು ಹೊತ್ತು ಕಟ್ಟಿಕೊಂಡು ಬಂದ ಗಾಂಭೀರ್ಯವನ್ನು ಮಕ್ಕಳು ನಗಲಿ ಅಂತ ಖರ್ಚು ಮಾಡಿದ ಹಾಗಿದೆ. ಮಕ್ಕಳು ನಗುತ್ತಾರೆ ಅನ್ನೋದೂ ನಿಜ, ಅದನ್ನೂ ಹೇಳಬೇಕಲ್ಲ.

ಆದರೆ ಹಡಗಿನ ಅಡುಗೆಯವನ ವೇಷದಲ್ಲಿರುವ ಕಡಲುಗಳ್ಳ ಲಾಂಗ್ ಜಾನ್ ಸಿಲ್ವರ್ ಹೆಸರೆತ್ತಿದ ಕೂಡಲೇ ಅದೇ ವಿಮರ್ಶಕರು ಮೆತ್ತಗಾಗುವುದನ್ನು ಗಮನಿಸಿ. ಅವನು ಇಲ್ಲಿ ಅರ್ಧ ಮನುಷ್ಯ, ಅರ್ಧ ಯಂತ್ರ. ದೇಹವನ್ನು ಪೆನ್ಸಿಲ್‌ನಲ್ಲಿ ಬಿಡಿಸಿದ್ದು ಗ್ಲೆನ್ ಕೀನ್ ಮುಂದಾಳತ್ವದ ತಂಡ. ಯಂತ್ರದ ಕೈಯನ್ನು ಮಾಡಿದ್ದು ಕಂಪ್ಯೂಟರ್‌ನಲ್ಲಿ, ಬೇರೆಯ ತಂಡ. ಎರಡೂ ಒಂದೇ ಭುಜದಿಂದ ಹೊರಟ ಹಾಗೆ ಕಾಣಬೇಕು. ಜಿಮ್ ಅವನನ್ನು ಮೊದಲ ಸಲ ನೋಡುವ ಹಡಗಿನ ಅಡುಗೆಮನೆಯ ದೃಶ್ಯವನ್ನು ಮತ್ತೊಮ್ಮೆ ಹಾಕಿ, ನಿಧಾನವಾಗಿ ನೋಡಿ. ಯಂತ್ರದ ಕೈ ಒಂದಾದ ಮೇಲೊಂದು ಸಲಕರಣೆಯಾಗಿ ಬದಲಾಗುತ್ತಾ ಚಕಚಕ ಅಂತ ಹೆಚ್ಚುತ್ತಿರುತ್ತದೆ. ಮೇಲೆ ಮುಖ ನಗುತ್ತಾ ಹರಟುತ್ತಿರುತ್ತದೆ. ಯಂತ್ರದ ಮನುಷ್ಯನಿಂದ ಹುಷಾರಾಗಿರು ಅಂತ ಎಚ್ಚರಿಕೆ ಕೇಳಿ ಬಂದ ಹುಡುಗ ಸುತ್ತಿಬಳಸಿ ಪ್ರಶ್ನೆ ಹಾಕುತ್ತಾನೆ. ಸಿಲ್ವರ್ ನಗು ನಿಲ್ಲಿಸುವುದಿಲ್ಲ, ಆದರೆ ಅವನ ಕಣ್ಣು ಹುಡುಗನನ್ನು ಅಳೆಯುತ್ತಿರುತ್ತದೆ. ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ನಮಗೆ ಸಂಭಾಷಣೆಯಿಂದ ತಿಳಿಯುವುದಿಲ್ಲ, ಕೆನ್ನೆಯ ಗೆರೆಯಿಂದ ತಿಳಿಯುತ್ತದೆ. ಆಮೇಲೆ ಬರುವ ಹಾಡಿನ ಭಾಗ ನೋಡಿ. ಚಿಕ್ಕ ಹುಡುಗನಾಗಿದ್ದ ಜಿಮ್ ಮನೆ ಬಿಟ್ಟು ಹೊರಟ ಅಪ್ಪನ ಹಿಂದೆ ಓಡುತ್ತಾನೆ. ಅದರ ಜೊತೆಗೇ ಈಗಿನ ಜಿಮ್ ಸಿಲ್ವರ್ ಕೈಕೆಳಗೆ ಡೆಕ್ ಉಜ್ಜುತ್ತಾ ಕೆಲಸ ಕಲಿಯುವುದು ಬರುತ್ತದೆ. ಜಿಮ್‌ನ ಬಾಯಿಂದ ಒಂದು ಮಾತೂ ಇಲ್ಲ. ನಾಯಕನಲ್ಲಿ ಹೊಸದೇನಿಲ್ಲ ಅಂದವರು ಈ ಭಾಗಕ್ಕೆ ಇನ್ನೊಂದೆರಡು ಸಾಲು ಕೊಡಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಯಾಕೆ ಕೊಡಲಿಲ್ಲ? ಇಲ್ಲಿ ನನ್ನ ವೃತ್ತಿಯ ಒಂದು ದೌರ್ಬಲ್ಯ ಹೇಳಬೇಕು. ನಮ್ಮಲ್ಲಿ ಬಹಳ ಜನ ಕಥೆ, ಸಂಭಾಷಣೆ, ನಟನೆಯ ಬಗ್ಗೆ ಬರೆದು ಪಳಗಿದವರು. ಗೆರೆಯ ಬಗ್ಗೆ ಬರೆಯಲು ಬೇಕಾದ ಮಾತುಗಳು ನಮ್ಮ ಹತ್ತಿರ ಕಡಿಮೆ. ಕೈಚಿತ್ರದ ಸಿನಿಮಾ ಬಂದರೆ “ಚಿತ್ರಗಳು ಸುಂದರವಾಗಿವೆ” ಅಂತ ಒಂದು ಸಾಲು ಹಾಕಿ ಕಥೆಗೆ ಜಿಗಿಯುತ್ತೇವೆ. ಚಿತ್ರ ಅಂದರೆ ಕಥೆಗೆ ಸುತ್ತಿದ ಬಣ್ಣದ ಕಾಗದ ಅನ್ನುವ ಹಾಗೆ. ನಿಜವಾಗಿ ಅಲ್ಲಿ ನಟನೆ ನಡೆಯುವುದೇ ಚಿತ್ರದಲ್ಲಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಒಂದು ಪಾತ್ರಕ್ಕೆ ಸೆಕೆಂಡಿಗೆ 12 ಚಿತ್ರ ಬೇಕು. ಮುಖ್ಯ ಭಂಗಿಗಳನ್ನು ಒಬ್ಬರು ಬಿಡಿಸುತ್ತಾರೆ, ನಡುವಿನವನ್ನು ಇನ್‌ಬಿಟ್ವೀನ್ ಮಾಡುವವರು ತುಂಬುತ್ತಾರೆ, ಕ್ಲೀನ್‌ಅಪ್ ಮಾಡುವವರು ಗೆರೆ ತಿದ್ದುತ್ತಾರೆ. ಯಾವ ಭಂಗಿ ಎಷ್ಟು ಹೊತ್ತು ನಿಲ್ಲಬೇಕು, ತಲೆ ತಿರುಗುವ ಮುಂಚೆ ಕಣ್ಣು ತಿರುಗಬೇಕಾ ಅನ್ನುವುದನ್ನೆಲ್ಲ ಯಾರೋ ಕೂತು ನಿರ್ಧರಿಸಿರುತ್ತಾರೆ. ಇದನ್ನು ಬಿಟ್ಟು ಬರೆದ ವಿಮರ್ಶೆ ಸುಳ್ಳಲ್ಲ, ಆದರೆ ಅರ್ಧ. ನೀವು ಓದಿದ ವಿಮರ್ಶೆಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಒಂದು ಕಾರಣ ಇದು. ಇಬ್ಬರೂ ಒಂದೇ ಸಿನಿಮಾ ನೋಡಿದ್ದಾರೆ, ಒಬ್ಬರು ಕಣ್ಣಿನಿಂದ ಬರೆದಿದ್ದಾರೆ, ಇನ್ನೊಬ್ಬರು ಚಿತ್ರಕಥೆಯಿಂದ. ಮುಂದೆ ಇಂಥ ಸಿನಿಮಾಗಳ ವಿಮರ್ಶೆ ಓದುವಾಗ ಒಂದು ಪರೀಕ್ಷೆ ಮಾಡಿ. ಬರೆದವರು ಯಾವುದಾದರೂ ಒಂದು ಚಲನೆಯನ್ನೋ ಒಂದು ಹಿನ್ನೆಲೆಯನ್ನೋ ಹೆಸರಿಸಿ ಹೇಳಿದ್ದಾರಾ ನೋಡಿ. ಹೇಳಿದ್ದರೆ ಅವರು ಬೈದಿದ್ದರೂ ಓದಿ. ಇಲ್ಲದಿದ್ದರೆ ಹೊಗಳಿದ್ದರೂ ಅಷ್ಟಾಗಿ ನೆಚ್ಚಬೇಡಿ.

ಇನ್ನು “ಇಂಥವುಗಳಿಂದಲೇ ನಿಂತುಹೋಯ್ತು” ಅನ್ನುವ ಮಾತು. ಇದರಲ್ಲಿ ಸ್ವಲ್ಪ ನಿಜ, ಜಾಸ್ತಿ ಭಾಗ ಕಟ್ಟುಕಥೆ. ಅದೇ ಆಸ್ಕರ್ ಪಟ್ಟಿ ಮತ್ತೆ ನೋಡಿ. ಐದು ಸಿನಿಮಾಗಳಲ್ಲಿ ನಾಲ್ಕು ಕೈಚಿತ್ರದ್ದು: ‘ಸ್ಪಿರಿಟೆಡ್ ಅವೇ’, ‘ಲಿಲೋ ಅಂಡ್ ಸ್ಟಿಚ್’, ‘ಸ್ಪಿರಿಟ್’ ಮತ್ತು ‘ಟ್ರೆಷರ್ ಪ್ಲಾನೆಟ್’. ಪೂರ್ತಿ ಕಂಪ್ಯೂಟರ್‌ನದ್ದು ‘ಐಸ್ ಏಜ್’ ಒಂದೇ. ಮೆಚ್ಚುಗೆ ಬತ್ತಿಹೋಗಿದ್ದರೆ ಪಟ್ಟಿ ಹೀಗಿರುತ್ತಿರಲಿಲ್ಲ. ಪ್ರೇಕ್ಷಕರೂ ಬಿಟ್ಟುಹೋಗಿರಲಿಲ್ಲ. ‘ಲಿಲೋ ಅಂಡ್ ಸ್ಟಿಚ್’ ಅದೇ 2002ರ ಜೂನ್‌ನಲ್ಲಿ ಬಂದು, ಸುಮಾರು 8 ಕೋಟಿ ಡಾಲರ್ ಖರ್ಚಿಗೆ 27 ಕೋಟಿಗೂ ಮೀರಿ ಗಳಿಸಿತು. ಹಿನ್ನೆಲೆಗಳನ್ನು ಜಲವರ್ಣದಲ್ಲಿ ಮಾಡಿದ ಸಿನಿಮಾ ಅದು. ಅದನ್ನು ಮಾಡಿದ್ದು ಡಿಸ್ನಿಯ ಫ್ಲೋರಿಡಾ ಸ್ಟುಡಿಯೋ. 2004ರಲ್ಲಿ ಆ ಸ್ಟುಡಿಯೋವನ್ನೇ ಮುಚ್ಚಿದರು. ಗೆದ್ದ ಸಿನಿಮಾ ಮಾಡಿದವರ ಬಾಗಿಲನ್ನೂ ಮುಚ್ಚಿದ ಮೇಲೆ ಇದು ಒಂದು ಸೋತ ಸಿನಿಮಾದ ತಪ್ಪು ಅನ್ನೋದು ಹೇಗೆ?

ಆಗಿದ್ದೇನೆಂದರೆ, 1995ರ ‘ಟಾಯ್ ಸ್ಟೋರಿ’ಯಿಂದ ಶುರುವಾಗಿ 2001ರ ‘ಶ್ರೆಕ್’, 2003ರ ‘ಫೈಂಡಿಂಗ್ ನೀಮೋ’ವರೆಗೆ ಕಂಪ್ಯೂಟರ್ ಅನಿಮೇಷನ್ ಸಾಲಾಗಿ ಗೆದ್ದಿತು. ದೊಡ್ಡ ಸ್ಟುಡಿಯೋಗಳ ಮೇಲಿನವರು ಗೆಲುವಿಗೆ ಕಾರಣ ಕಂಪ್ಯೂಟರ್ ಅಂತ ತೀರ್ಮಾನಿಸಿದರು. ಆ ಸಿನಿಮಾಗಳ ಕಥೆ ಕಟ್ಟಲು ಹಿಡಿದ ಶ್ರಮ ಅವರ ಕಣ್ಣಿಗೆ ಬೀಳಲಿಲ್ಲ. ತಮಾಷೆ ಎಂದರೆ ‘ಟ್ರೆಷರ್ ಪ್ಲಾನೆಟ್’ನಲ್ಲೂ ಕಂಪ್ಯೂಟರ್ ಕೆಲಸ ದಂಡಿಯಾಗಿದೆ. 2004ರ ‘ಹೋಮ್ ಆನ್ ದ ರೇಂಜ್’ ಆದ ಮೇಲೆ ಡಿಸ್ನಿ ಕೈಚಿತ್ರ ನಿಲ್ಲಿಸಿತು. 2009ರಲ್ಲಿ ‘ದಿ ಪ್ರಿನ್ಸೆಸ್ ಅಂಡ್ ದ ಫ್ರಾಗ್’ ಮೂಲಕ ವಾಪಸ್ ಬಂತು, ವಿಮರ್ಶಕರು ಚೆನ್ನಾಗಿಯೇ ಸ್ವಾಗತಿಸಿದರು. 2011ರಲ್ಲಿ ‘ವಿನ್ನಿ ದ ಪೂ’ ಬಂತು. ವಿಮರ್ಶೆಗಳು ಬಹುಪಾಲು ಅಕ್ಕರೆಯವೇ. ಅಮೆರಿಕದಲ್ಲಿ ಬಿಡುಗಡೆ ಮಾತ್ರ ಹ್ಯಾರಿ ಪಾಟರ್‌ನ ಕಟ್ಟಕಡೆಯ ಸಿನಿಮಾ ಬಂದ ದಿನವೇ! ಇಂಥ ತಾರೀಖು ಆರಿಸುವವರು ವಿಮರ್ಶಕರಲ್ಲ. ಬೇರೆ ಕಡೆ ಕೈಚಿತ್ರ ನಿಂತೇ ಇಲ್ಲ. ಐರ್ಲೆಂಡಿನ ಕಾರ್ಟೂನ್ ಸಲೂನ್ ಸ್ಟುಡಿಯೋ 2020ರಲ್ಲಿ ‘ವುಲ್ಫ್‌ವಾಕರ್ಸ್’ ಮಾಡಿತು. ಜಪಾನಿನ ಹಯಾವೊ ಮಿಯಾಜಾಕಿಯವರ ‘ದ ಬಾಯ್ ಅಂಡ್ ದ ಹೆರಾನ್’ 2024ರಲ್ಲಿ ಆಸ್ಕರ್ ಗೆದ್ದಿತು.

ವಿಮರ್ಶಕರ ಮೊದಲ ಮಾತೇ ಕೊನೆಯದಲ್ಲ ಅನ್ನೋದಕ್ಕೂ ಉದಾಹರಣೆ ಇದೆ. 1959ರ ‘ಸ್ಲೀಪಿಂಗ್ ಬ್ಯೂಟಿ’ಗೆ 60 ಲಕ್ಷ ಡಾಲರ್ ಖರ್ಚಾಗಿತ್ತು, ಆ ಕಾಲಕ್ಕೆ ಭಾರಿ ಮೊತ್ತ. ಮೊದಲ ಬಿಡುಗಡೆಯಲ್ಲಿ ಆ ದುಡ್ಡು ಹುಟ್ಟಲಿಲ್ಲ. ವಿಮರ್ಶೆಯೂ ಮಿಶ್ರ. ಐವಿಂಡ್ ಅರ್ಲ್ ಬಿಡಿಸಿದ ಚೂಪು ಚೂಪು ಮರಗಳ ಆ ಹಿನ್ನೆಲೆಗಳನ್ನು ಇವತ್ತು ಅನಿಮೇಷನ್ ಕಲಿಯುವವರು ಎದುರಿಗಿಟ್ಟುಕೊಂಡು ಓದುತ್ತಾರೆ. 1999ರ ‘ದಿ ಐರನ್ ಜೈಂಟ್’ ಕಥೆ ಬೇರೆ. ಅದನ್ನು ವಿಮರ್ಶಕರು ಮೊದಲ ದಿನದಿಂದಲೇ ಕೊಂಡಾಡಿದರು. ಸ್ಟುಡಿಯೋ ಪ್ರಚಾರಕ್ಕೆ ಕೈ ಬಿಚ್ಚಲಿಲ್ಲ, ಚಿತ್ರಮಂದಿರದಲ್ಲಿ ಸೋತಿತು, ಆಮೇಲೆ ಟಿವಿಯಲ್ಲಿ ವಿಡಿಯೊದಲ್ಲಿ ಜನ ಕಂಡುಕೊಂಡರು. ಹಾಗಂತ ಸೋತ ಸಿನಿಮಾಗಳೆಲ್ಲ ಮುಚ್ಚಿಟ್ಟ ಚಿನ್ನ ಅಂದುಕೊಳ್ಳಬೇಡಿ. ‘ಹೋಮ್ ಆನ್ ದ ರೇಂಜ್’ ಅನ್ನು ಎಷ್ಟು ಸಲ ನೋಡಿದರೂ ನನಗೆ ಅದು ಸಾಧಾರಣವೇ. ‘ಟ್ರೆಷರ್ ಪ್ಲಾನೆಟ್’ ನನ್ನ ಲೆಕ್ಕದಲ್ಲಿ ಮುಕ್ಕಾಲು ಭಾಗ ಬಹಳ ಒಳ್ಳೆಯ ಸಿನಿಮಾ.

ಈಗ ನಿಮ್ಮ ಮುಂದಿರುವ ದಾರಿಗಳು.

ಗಲಾಟೆಯೇ ಬೇಡ ಅಂದರೆ ಎಲ್ಲರೂ ಮೆಚ್ಚಿದ, ಅಂಕ ತೊಂಬತ್ತು ದಾಟಿದ ಸಿನಿಮಾ ತೋರಿಸಿ. ‘ಐರನ್ ಜೈಂಟ್’ ಅಂಥದ್ದು. ಯಾರೂ ತಕರಾರು ತೆಗೆಯುವುದಿಲ್ಲ. ತೊಂದರೆ ಏನೆಂದರೆ, ಅಂಕ ನೋಡಿಯೇ ಆರಿಸುವ ಅಭ್ಯಾಸ ಬಿದ್ದರೆ ಅವೇ ಹತ್ತು ಹದಿನೈದು ಸಿನಿಮಾಗಳ ಸುತ್ತ ಸುತ್ತುತ್ತೀರಿ. ಅಂಕ ಜಾಸ್ತಿ ಅಂದ ಮಾತ್ರಕ್ಕೆ ಚಿಕ್ಕವರಿಗೆ ಹಗುರ ಅಂತಲೂ ಅಲ್ಲ. ಆ ಸಿನಿಮಾದಲ್ಲಿ ಬೇಟೆಗೆ ಬಲಿಯಾದ ಜಿಂಕೆಯೂ ಇದೆ, ಅಣುಬಾಂಬಿನ ಕ್ಷಿಪಣಿಯೂ ಇದೆ. ಅಂಕಕ್ಕೆ ಮಗುವಿನ ವಯಸ್ಸು ಗೊತ್ತಿಲ್ಲ.

ಎರಡನೆಯದು, ನಿಮ್ಮ ಆಯ್ಕೆಯನ್ನೇ ತೋರಿಸೋದು. ನಾನಾದರೆ ಇದನ್ನೇ ಮಾಡುತ್ತೇನೆ, ಆದರೆ ಐದಾರು ವರ್ಷದವರನ್ನು ಬಿಟ್ಟು. ಜೇಡದಂಥ ಸ್ಕ್ರೂಪ್ ಅನ್ನುವ ಖಳ ನಿಜಕ್ಕೂ ಹೆದರಿಸುತ್ತಾನೆ. ಆ್ಯರೋ ಅನ್ನುವ ಒಳ್ಳೆಯ ಅಧಿಕಾರಿಯ ಹಗ್ಗವನ್ನು ಬೇಕೆಂದೇ ಕತ್ತರಿಸಿ ಕೃಷ್ಣರಂಧ್ರಕ್ಕೆ ಬೀಳಿಸುತ್ತಾನೆ. ತಪ್ಪು ಜಿಮ್ ತಲೆಗೆ ಬರುತ್ತದೆ. ಸಾವಿಗಿಂತ ಆ ಅನ್ಯಾಯವೇ ಕೆಲವು ಮಕ್ಕಳಿಗೆ ಜಾಸ್ತಿ ಕಾಡುತ್ತದೆ. ಅಪ್ಪ ಬಿಟ್ಟುಹೋಗುವ ಭಾಗವೂ ಹಾಗೆ. ನಿಮ್ಮ ಗುಂಪಿನಲ್ಲಿ ಅಂಥ ಪರಿಸ್ಥಿತಿ ಹಾದು ಬಂದ ಮಗು ಇದ್ದರೆ ಆ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ.

ಇನ್ನೊಂದು ದಾರಿ, ಸಿನಿಮಾ ಜೊತೆಗೆ ಎರಡು ವಿಮರ್ಶೆಗಳನ್ನೂ ಇಡುವುದು, ಒಂದು ಹೊಗಳಿದ್ದು, ಒಂದು ತೆಗಳಿದ್ದು. ಹತ್ತು ದಾಟಿದ ಮಕ್ಕಳು ಇದನ್ನು ತುಂಬಾ ಉತ್ಸಾಹದಿಂದ ಮಾಡುತ್ತಾರೆ. ಅಪಾಯ ಒಂದೇ. ವಿಮರ್ಶೆ ಮೊದಲು ಕೊಟ್ಟರೆ ಮಕ್ಕಳು ಅದನ್ನೇ ಗಿಳಿಪಾಠ ಒಪ್ಪಿಸುತ್ತಾರೆ. ದೊಡ್ಡವರೂ ಅಷ್ಟೇ ಅನ್ನಿ. ಸಿನಿಮಾ ಮುಗಿದು, ಅವರು ತಮ್ಮ ಜಗಳ ಆಡಿ ಮುಗಿಸಿದ ಮೇಲೆ ಕೊಡಿ. ಬೆನ್ ಬೇಕಿತ್ತಾ ಬೇಡವಾಗಿತ್ತಾ ಅಂತ ಕೇಳಿ ನೋಡಿ, ಗುಂಪು ಎರಡು ಹೋಳಾಗುತ್ತದೆ.

ಫೋನ್ ತೆಗೆದು ನೋಡಿದ ಆ ಪೋಷಕರ ಜೊತೆ ಸಂಖ್ಯೆ ಹಿಡಿದು ವಾದಕ್ಕಿಳಿಯಬೇಡಿ. ಅವರಿಗೆ ಅಡುಗೆಮನೆಯ ದೃಶ್ಯವನ್ನೋ ಹಾಡಿನ ಭಾಗವನ್ನೋ ಹಾಕಿ ತೋರಿಸಿ. ಆಮೇಲೂ ಬೇಡ ಅಂದರೆ ಅದು ಅವರ ಅಭಿಪ್ರಾಯ, ಗೌರವಿಸಬಹುದು.

ಒಂದು ವ್ಯವಹಾರದ ಮಾತು ಉಳಿದಿದೆ. ಮನೆಯಲ್ಲಿ ನೋಡಲು ತೆಗೆದುಕೊಂಡ ಡಿಸ್ಕ್ ಅಥವಾ ಚಂದಾ ಸಾಮಾನ್ಯವಾಗಿ ಮನೆಮಂದಿಗೆ ಮಾತ್ರ. ಹೊರಗಿನವರನ್ನು ಸೇರಿಸಿ ತೋರಿಸಲು ಹಕ್ಕುದಾರರಿಂದ ಬೇರೆ ಅನುಮತಿ ಬೇಕಾಗಬಹುದು. ದಿನ ಗೊತ್ತುಮಾಡುವ ಮುಂಚೆ ಇದನ್ನು ವಿಚಾರಿಸಿಕೊಳ್ಳಿ.